ಮುಳ್ಳಿಗೆ ಸಿಕ್ಕ ಕಿವಿ

ಹೊಂಬಾಳೆಪಾಳ್ಯದ ಪಂಚಾಯಿತಿ ಅಧ್ಯಕ್ಷ ಹುಚ್ಚರಂಗಯ್ಯನವರು ಹೊನ್ನವಳ್ಳಿ ರಸ್ತೆಗೆ ಮುಖ ಮಾಡಿ ಹೊಸ ಮನೆ ಕಟ್ಟಿಸಿ, ಅದರ ಮೆಟ್ಟಿಲಿಗೆ ಕರಿ ಗ್ರಾನೈಟ್ ಹಾಸಿಸದೇ ಇದ್ದಿದ್ದರೆ ಈ ಯಾವ ರಗಳೆಯೂ ಹುಟ್ಟುತ್ತಿರಲಿಲ್ಲ. ಬೆಳಗಿನ ಎಳೆಬಿಸಿಲಿಗೆ ಆ ಕಲ್ಲು ಹದವಾಗಿ ಕಾಯುತ್ತಿತ್ತು. ಈ ಸುದ್ದಿ ಮೊದಲು ತಿಳಿದದ್ದು ಎದುರಿನ ಜನತಾ ಕಾಲೋನಿಯ ಮೇಕೆಗಳಿಗೆ. ವಾರದೊಳಗೆ ಹತ್ತು ಹನ್ನೆರಡು ಮೇಕೆಗಳು ಮೆಟ್ಟಿಲ ಮೇಲೆ ಸಾಲಾಗಿ ಕೂತು, ಕಣ್ಣು ಅರೆಮುಚ್ಚಿ, ಮೆಲುಕು ಹಾಕುತ್ತಾ, ಥೇಟ್ ಪಂಚಾಯಿತಿ ಸದಸ್ಯರ ಹಾಗೆ ಸಭೆ ನಡೆಸತೊಡಗಿದವು. ಎದ್ದು ಹೋಗುವಾಗ ಸಭೆಯ ನಡಾವಳಿಯನ್ನು ಕಲ್ಲಿನ ಮೇಲೇ ಬಿಟ್ಟು ಹೋಗುತ್ತಿದ್ದವು.

ಅಧ್ಯಕ್ಷರ ಹೆಂಡತಿ ಮೀನಾಕ್ಷಮ್ಮ ಪೊರಕೆ ಹಿಡಿದು ಬೈಯುವುದನ್ನು ರಾಮಲಕ್ಷ್ಮಮ್ಮ ದಿನವೂ ಹಿತ್ತಲಿನ ಕೊಬ್ಬರಿ ಶೆಡ್ಡಿನಲ್ಲಿ ಕೂತು ಕೇಳುತ್ತಿದ್ದಳು. ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಕೂಲಿ ಅವಳದು.

"ಊರಿಗೆಲ್ಲ ಅಧ್ಯಕ್ಷರಂತೆ! ಮನೆ ಮೆಟ್ಲ ಮ್ಯಾಲಿನ ಹಿಕ್ಕೆಗೆ ಒಂದು ಗತಿ ಕಾಣಿಸಕ್ಕಾಗ್ಲಿಲ್ಲ. ಯಾವ ಮನೆಹಾಳ್ರ ಮೇಕೆಗಳೋ ಇವು!"

ಯಾರ ಮೇಕೆಗಳೆಂದು ರಾಮಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಮಾತ್ರ ಬಾಯಿ ಬರಲಿಲ್ಲ. ಒಂದೊಂದು ಮೇಕೆಯ ಎಡಗಿವಿಯ ತುದಿಯಲ್ಲೂ ಹಕ್ಕಿಯ ಕೊಕ್ಕಿನಷ್ಟು ಅಗಲದ ಕಚ್ಚು ಇತ್ತು. ಅದು ಹುಚ್ಚರಂಗಯ್ಯನವರದೇ ಗುರುತು.

ಈ ಕಡೆ ಇದನ್ನು ಪಾಲಿಗೆ ಬಿಡುವುದು ಎನ್ನುತ್ತಾರೆ. ಯಜಮಾನರು ಒಂದು ಹೆಣ್ಣುಮರಿಯ ಕಿವಿ ಕಚ್ಚು ಮಾಡಿ ಬಡವರ ಮನೆಗೆ ಬಿಡುತ್ತಾರೆ. ಸೊಪ್ಪು, ನೀರು, ಕಾವಲು, ಕಾಯಿಲೆ ಎಲ್ಲ ಸಾಕಿದವರದು. ಎರಡು ಮರಿ ಹುಟ್ಟಿದರೆ ಒಂದು ಅವರಿಗೆ, ಒಂದು ಇವರಿಗೆ. ಒಂದೇ ಹುಟ್ಟಿದರೆ ಯಜಮಾನರಿಗೆ. ಎರಡರಲ್ಲಿ ಒಂದು ಸತ್ತರೆ, ಸತ್ತದ್ದು ಯಾವಾಗಲೂ ಸಾಕಿದವರ ಪಾಲಿನದೇ. ಯಾರ ಮನೆ ಹೊಕ್ಕರೆ ಕೇಳುವವರಿಲ್ಲ ಎಂಬುದು ಸಾವಿಗೂ ತಿಳಿದಿರುತ್ತದೆ. ತಾಯಿ ಮೇಕೆ ಎಷ್ಟು ಸಲ ಈದರೂ ಯಜಮಾನರದೇ. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಕಿವಿಯೇ ಎಲ್ಲ.

ರಾಮಲಕ್ಷ್ಮಮ್ಮನ ಮನೆಯಲ್ಲಿದ್ದ ಮೇಕೆಯ ಹೆಸರು ಚಂದ್ರಿ. ಮೈಯೆಲ್ಲ ಕಪ್ಪು, ಹಣೆಯಲ್ಲೊಂದು ಬಿಳಿ ಬೊಟ್ಟು. ಬಂದು ಐದು ವರ್ಷ. ಮೊದಲ ಸಲ ಒಂದೇ ಮರಿ, ಅದು ಯಜಮಾನರಿಗೆ ಹೋಯಿತು. ಎರಡನೇ ಸಲ ಎರಡು, ಒಂದು ಸತ್ತಿತು, ಯಾರದೆಂದು ಹೇಳಬೇಕಾಗಿಲ್ಲ. ಮೂರನೇ ಸಲ ಅವಳ ಪಾಲಿಗೆ ಬಂದ ಗಂಡುಮರಿ ಮನೆಯ ಮೇಲಿನ ತಗಡಿನ ಶೀಟಾಯಿತು. ಈಗ ಮತ್ತೆ ಗಬ್ಬ. ಹೊಟ್ಟೆಯ ಅಗಲ ನೋಡಿದರೆ ಎರಡಂತೂ ಖಂಡಿತ. ಒಂದಾದರೂ ಹೆಣ್ಣಾಗಲಿ, ಅದು ತನ್ನ ಪಾಲಿಗೇ ಬರಲಿ, ಅದರ ಕಿವಿಯನ್ನು ಯಾರೂ ಮುಟ್ಟದಿರಲಿ. ರಾಮಲಕ್ಷ್ಮಮ್ಮನಿಗೆ ಇದ್ದ ಆಸೆ ಇಷ್ಟೇ: ಇಡೀ ಕಿವಿಯ ಒಂದು ಮೇಕೆ.

ಅಷ್ಟರಲ್ಲಿ ನಿಯಮ ಬಂತು.

ಬಂದದ್ದು ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಓದಿದವಳು ಪಕ್ಕದ ಮನೆಯ ದಿಲ್ಶಾದ್ ಬೇಗಂ. ತಿಪಟೂರಿನಿಂದ ಈ ಊರಿಗೆ ಸೊಸೆಯಾಗಿ ಬರುವಾಗ ಒಂದು ಹೊಲಿಗೆ ಮಿಷನ್ನೂ ಏಳನೇ ಕ್ಲಾಸಿನವರೆಗಿನ ಓದೂ ತಂದಿದ್ದಳು. ಎರಡನ್ನೂ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಅವಳ ಮನೆಯಲ್ಲೂ ಎರಡು ಪಾಲಿನ ಮೇಕೆಗಳಿದ್ದವು.

"ಲಕ್ಷ್ಮಕ್ಕೋ, ನಿನ್ನ ಚಂದ್ರಿಗೆ ಕಾನೂನು ಬಂದೈತೆ, ಕೇಳಿಸ್ಕೊ."

"ನಂಗೇ ಬರ್ದೇ ಇರೋ ಕಾನೂನು ನನ್ನ ಮೇಕೆಗೆ ಎಲ್ಲಿಂದ ಬಂತೇ?"

ದಿಲ್ಶಾದ್ ಕನ್ನಡಕ ಏರಿಸಿ, ಶಾಲೆಯ ಮಗುವಿನ ರಾಗದಲ್ಲಿ ಓದಿದಳು. "ಯಾವುದೇ ಒಬ್ಬ ಮಾಲೀಕರು, ಹಾಲು ಕುಡಿಯುವ ಮರಿಗಳನ್ನು ಹೊರತುಪಡಿಸಿ, ಎರಡಕ್ಕಿಂತ ಹೆಚ್ಚು ಮೇಕೆಗಳನ್ನು ಹೊಂದತಕ್ಕದ್ದಲ್ಲ. ನಾಯಿ ಒಂದು, ಕೋಳಿ ಆರು ಮೀರತಕ್ಕದ್ದಲ್ಲ. ಕೊಟ್ಟಿಗೆಯು ಯಾವುದೇ ವಾಸದ ಮನೆಯ ಗೋಡೆಯಿಂದ ಹದಿನೈದು ಅಡಿ ದೂರವಿರತಕ್ಕದ್ದು. ಪ್ರತಿ ಪ್ರಾಣಿಯನ್ನೂ ಮಾಲೀಕರ ಹೆಸರಿನಲ್ಲಿ ನೋಂದಾಯಿಸಿ ಕೊರಳಿಗೆ ಬಿಲ್ಲೆ ಹಾಕಿಸತಕ್ಕದ್ದು. ತಪ್ಪಿದಲ್ಲಿ ಹದಿನೈದು ದಿನಗಳ ನಂತರ ಪಂಚಾಯಿತಿ ವಶಕ್ಕೆ ಪಡೆದು ಹರಾಜು ಹಾಕಲಾಗುವುದು."

"ಕೋಳಿ ಆರು ಅಂದ್ರೆ ಮರಿಗಳೂ ಲೆಕ್ಕವಾ?"

"ಮೊಟ್ಟೆ ಇಷ್ಟೇ ಇಡಬೇಕು ಅಂತ ಏನೂ ಬರ್ದಿಲ್ಲ, ಬುಡು. ಅದೊಂದ್ ಮರ್ತವ್ರೆ."

ರಾಮಲಕ್ಷ್ಮಮ್ಮ ನಗಲಿಲ್ಲ. "ಹದಿನೈದಡಿ ಅಂದ್ರೆ ಎಷ್ಟಾಯ್ತದೆ?"

"ತೋಟದಾಗೆ ಮರದಿಂದ ಮರಕ್ಕೆ ಬಿಟ್ಟಿರ್ತಾರಲ್ಲ, ಅದ್ರಲ್ಲಿ ಅರ್ಧ."

ಇಬ್ಬರೂ ಸುತ್ತ ನೋಡಿದರು. ಸರ್ಕಾರ ಕೊಟ್ಟ ಇಪ್ಪತ್ತಕ್ಕೆ ಮೂವತ್ತರ ಸೈಟು. ಇವಳ ಗೋಡೆಯ ಮೇಲೆ ಅವಳು ಹಪ್ಪಳ ಒಣಗಿಸುತ್ತಿದ್ದಳು. ಅಧ್ಯಕ್ಷರ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ ಬಿಟ್ಟಿದ್ದ ಜಾಗ ಕಾಲೋನಿಯಲ್ಲಿ ಎರಡು ಸಂಸಾರಗಳಿಗೆ ಇರಲಿಲ್ಲ.

"ಅಂಗಾದ್ರೆ ಚಂದ್ರಿನ ನಿನ್ನ ಅಡಿಗೆಮನೆ ದಾಟಿ ಆ ಕಡೆ ಬೀದೀಲಿ ಕಟ್ಟಬೇಕು," ಎಂದಳು ರಾಮಲಕ್ಷ್ಮಮ್ಮ. "ಅಲ್ಲೂ ಒಂದು ಗೋಡೆ ಐತೆ."

ಮಾರನೆಯ ದಿನ ಹುಚ್ಚರಂಗಯ್ಯನವರು ತಾವಾಗಿಯೇ ಶೆಡ್ಡಿಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ಬಿಸಿಲಿದ್ದರೆ ಕೂಲಿಯವರಿಗೆ ಎಳನೀರು ಕೊಡಿಸುತ್ತಿದ್ದರು, ಗಂಜಿ ಗಟ್ಟಿಯಾದ ಕಾಯಿಯದೇ ಆದರೂ. ಕೊಬ್ಬರಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ನಿಯಮ ನಿಯಮನೇ ಕಣಮ್ಮ ರಾಮಲಕ್ಷ್ಮಮ್ಮ. ನಂಗೂ ಬೇಜಾರೇ. ಆದ್ರೆ ನಿಂಗೆ ಚಿಂತೆ ಯಾಕೆ? ಜಾಗ ಇಲ್ದಿದ್ರೆ ಚಂದ್ರಿನ ನನ್ನ ತೋಟಕ್ಕೆ ಹೊಡ್ಕಂಡು ಬಾ."

"ತುಂಬಿದ ಗಬ್ಬ ರಂಗಣ್ಣೋರೆ. ಇನ್ನು ಹದಿನೈದಿಪ್ಪತ್ತು ದಿನಕ್ಕೆ ಈಯ್ತದೆ."

"ತೋಟದಾಗೇ ಈಯ್ಲಿ. ನೆಳ್ಳೈತೆ, ನೀರೈತೆ."

"ಮರಿ?"

ಹುಚ್ಚರಂಗಯ್ಯನವರು ಕೊಬ್ಬರಿಯನ್ನು ರಾಶಿಗೆ ಹಾಕಿ ಎದ್ದರು. "ಎಲ್ಲಿ ಈಯ್ತದೋ ಅಲ್ಲಿಗೇ ಮರಿ. ಪದ್ಧತಿ ನಾನು ಮಾಡಿದ್ದಲ್ಲ ಕಣಮ್ಮ, ಹಿರೀಕರು ಮಾಡಿದ್ದು."

ನಿಯಮ ಮಾಡಿದವರು ಇವರೇ, ಪದ್ಧತಿ ಮಾಡಿದವರು ಹಿರೀಕರು. ನಡುವೆ ಮರಿ ಮಾತ್ರ ನೇರವಾಗಿ ತೋಟ ಸೇರುತ್ತದೆ. ಅವತ್ತು ಸಂಜೆಯವರೆಗೆ ರಾಮಲಕ್ಷ್ಮಮ್ಮ ಒಡೆದ ಚಿಪ್ಪುಗಳಲ್ಲಿ ಅರ್ಧಕ್ಕರ್ಧ ಕೊಬ್ಬರಿಗೂ ಏಟು ತಗಲಿತ್ತು.

ಮನೆಗೆ ಬಂದು ಚಂದ್ರಿಯ ಮುಂದೆ ಹಲಸಿನ ಸೊಪ್ಪು ಹಾಕಿ, ದಿಲ್ಶಾದಳ ಜಗುಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ದಿಲ್ಶಾದ್ ಮಿಷನ್ ನಿಲ್ಲಿಸಿ ಮೊಬೈಲನ್ನು ಮತ್ತೆ ತೆಗೆದಳು. ಈ ಸಲ ರಾಗವಿಲ್ಲದೆ, ತುಟಿಯೊಳಗೇ ಓದಿಕೊಂಡಳು.

"ಅಕ್ಕಾ, ನಾಡಿದ್ದು ಪಂಚಾಯಿತಿ ಆಫೀಸಿನ ಆ ಹುಡುಗಿ ನಯನ ಪುಸ್ತಕ ಹಿಡ್ಕಂಡು ಮನೆ ಮನೆಗೆ ಬತ್ತಾಳೆ. ಚಂದ್ರಿ ಮಾಲೀಕ್ರು ಯಾರು ಅಂದ್ರೆ ಏನಂತೀಯ?"

"ನಂದೇ ಅಂದ್ಬುಡ್ಲಾ?"

"ಅರೆ, ಸುಳ್ಳು ಯಾಕೆ? ನಿಜ ಹೇಳು."

"ರಂಗಣ್ಣೋರ್ದು."

"ಅಷ್ಟೇ. ನಂದೂ ಅವ್ರದ್ದೇ ಅಂತೀನಿ. ಆಚೆ ಮನೆ ತಿಮ್ಮಯ್ಯಂದೂ ಅವ್ರದ್ದೇ. ಇಡೀ ಕಾಲೋನಿದೂ ಅವ್ರದ್ದೇ."

"ಅದ್ರಿಂದ ಏನಾಯ್ತದೆ?"

"ಒಬ್ರು ಎರಡಕ್ಕಿಂತ ಜಾಸ್ತಿ ಇಟ್ಕಬಾರ್ದು ಅಂದೋರು ಅವ್ರು. ಎಣಿಸ್ಕಳ್ಲಿ."

ಇಲ್ಲೊಂದು ಮಾತು ಹೇಳಬೇಕು. ಮೊದಲ ಕರಡಿನಲ್ಲಿ ಇದ್ದದ್ದು 'ಒಂದು ಮನೆಗೆ ಎರಡು ಮೇಕೆ' ಎಂದು. ಅದನ್ನು ಹೊಡೆದುಹಾಕಿ 'ಒಬ್ಬ ಮಾಲೀಕರಿಗೆ' ಎಂದು ತಿದ್ದಿಸಿದವರು ಖುದ್ದು ಹುಚ್ಚರಂಗಯ್ಯನವರು. "ಒಂದೇ ಮನೇಲಿ ನಾಲ್ಕು ಒಲೆ ಹೂಡಿ ನಾಲ್ಕು ರೇಷನ್ ಕಾರ್ಡು ಮಾಡಿಸ್ಕಂಡಿರೋ ಜನ ಇವ್ರು. ಮನೆಗೆ ಎರಡು ಅಂದ್ರೆ ಒಲೆಗೆ ಎರಡು ಅಂತಾರೆ," ಎಂದು ಸಭೆಯಲ್ಲಿ ವಿವರಿಸಿದ್ದರು, ಮೇಜು ಕುಟ್ಟಿಸಿಕೊಂಡಿದ್ದರು. ತಮ್ಮ ಮೇಕೆಗಳು ಅವರಿಗೆ ನೆನಪಾಗಲೇ ಇಲ್ಲ. ಅವರ ಮಟ್ಟಿಗೆ ಮೇಕೆ ಸಾಕುವವರು ಕಾಲೋನಿಯವರು, ಮೇಕೆಯ ಯಜಮಾನರು ತಾವು. ಈ ಎರಡು ಸಂಗತಿಗಳು ಅವರ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದವು, ಒಂದನ್ನೊಂದು ಯಾವತ್ತೂ ಮಾತಾಡಿಸಿರಲಿಲ್ಲ.

ನಯನ ಪಂಚಾಯಿತಿಯ ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ. ಬೇರೆ ಊರಿನವಳು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವ ಕೆಟ್ಟ ಚಾಳಿ ಅವಳಿಗಿತ್ತು.

"ಮೇಕೆ ಮಾಲೀಕರ ಹೆಸರು ಹೇಳಿ, ಅಮ್ಮ."

"ಹುಚ್ಚರಂಗಯ್ಯನೋರು," ಎಂದಳು ರಾಮಲಕ್ಷ್ಮಮ್ಮ. ಐದು ವರ್ಷದಿಂದ ಇದ್ದ ನಿಜವನ್ನು ಹೇಳುವುದಕ್ಕೆ ಇಷ್ಟು ಹೆದರಿಕೆ ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಇನಿಷಿಯಲ್ಲು?"

"ಇಡೀ ಊರಿಗೆ ಒಬ್ರೇ ಇರೋದು ಕಣ್ ಮಗ. ಹಂಗೇ ಬರ್ಕೋ."

ಬಿಲ್ಲೆ ಹಾಕುವ ದಿನ ಪಂಚಾಯಿತಿ ಕಟ್ಟಡದ ಮುಂದೆ ಶಾಮಿಯಾನ ಹಾಕಿಸಿದ್ದರು. ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದಿದ್ದರು. 'ಮಾದರಿ ನಿಯಮ' ಎಂದು ಹುಚ್ಚರಂಗಯ್ಯನವರೇ ಮೂರು ಸಲ ಫೋನ್ ಮಾಡಿ ಕರೆಸಿದ್ದರು. ಕಾಲೋನಿಯವರು ತಮ್ಮ ತಮ್ಮ ಮೇಕೆಗಳನ್ನು ಹಗ್ಗ ಹಿಡಿದು ತಂದು ಕಾಂಪೌಂಡಿನ ಉದ್ದಕ್ಕೂ ನಿಂತರು. ಸ್ವಾತಂತ್ರ್ಯ ದಿನದಂದು ನೆಟ್ಟಿದ್ದ ದಾಸವಾಳದ ಗಿಡಗಳು ಸ್ವಾಗತ ಭಾಷಣ ಮುಗಿಯುವುದರೊಳಗೆ ಬರೀ ಕಡ್ಡಿಯಾದವು.

ಸಾಹೇಬರಿಗೆ ಶಾಲು ಹೊದಿಸಿದ ಮೇಲೆ ನಯನ ಪುಸ್ತಕ ಬಿಚ್ಚಿದಳು.

"ನಮ್ಮೂರಲ್ಲಿ ಒಟ್ಟು ಮೂವತ್ತಾರು ಮೇಕೆ, ಸಾರ್. ಐದು ಮೇಕೆ ಮೂರು ಜನ ಮಾಲೀಕರದ್ದು, ಅವು ನಿಯಮದ ಪ್ರಕಾರನೇ ಇವೆ. ಇನ್ನು ಮೂವತ್ತೊಂದು ಒಬ್ರದ್ದೇ."

"ಮೂವತ್ತೊಂದಾ!" ಹುಚ್ಚರಂಗಯ್ಯನವರು ಮೇಜು ಗುದ್ದಿದರು. ಮೈಕು ಕುಯ್ಯೆಂದಿತು. "ನೋಡಿ ಸಾಹೇಬ್ರೆ, ನಾನು ಹೇಳ್ಲಿಲ್ವ? ಇಂಥೋರಿಂದನೇ ಊರು ಗಲೀಜಾಗಿರೋದು. ಯಾವನಮ್ಮ ಅವ್ನು? ಇಪ್ಪತ್ತೊಂಬತ್ತನ್ನ ಇವತ್ತೇ ಹರಾಜು ಹಾಕ್ರಿ!"

ನಯನ ಪುಸ್ತಕವನ್ನು ಒಮ್ಮೆ ನೋಡಿದಳು, ಅಧ್ಯಕ್ಷರನ್ನು ಒಮ್ಮೆ ನೋಡಿದಳು.

"ನೀವೇ ಸಾರ್."

ಮೇಕೆಗಳು ತಮ್ಮಷ್ಟಕ್ಕೆ ದಾಸವಾಳದ ಕಡ್ಡಿ ಕಟಕಟ ಕಡಿಯುತ್ತಿದ್ದವು. ಸಾಹೇಬರು ಶಾಲಿನೊಳಗಿಂದ ಕುತ್ತಿಗೆ ತಿರುಗಿಸಿ, "ಅಧ್ಯಕ್ಷರೆ, ಇದು ನಿಜವಾ?" ಎಂದು ಕೇಳಿದರು.

ಹೌದೆಂದರೆ ಇಪ್ಪತ್ತೊಂಬತ್ತು ಮೇಕೆ ತಮ್ಮ ಬಾಯಿಂದಲೇ ಹರಾಜು. ನಿಯಮ ವಾಪಸ್ ಎಂದರೆ ಶಾಲು, ಶಾಮಿಯಾನ, ಮೂರು ಫೋನು ಎಲ್ಲವೂ ನಗೆಪಾಟಲು. ಹುಚ್ಚರಂಗಯ್ಯನವರು ಟವೆಲಿನಿಂದ ಕತ್ತು ಒರೆಸಿಕೊಂಡರು.

"ಎಲ್ಲಾದ್ರೂ ಉಂಟಾ ಸಾಹೇಬ್ರೆ? ಯಾರೋ ತಮಾಷೆಗೆ ಬರ್ಸವ್ರೆ. ಆ ಮೇಕೆಗೂ ನಂಗೂ ಏನೇನೂ ಸಂಬಂಧ ಇಲ್ಲ."

"ಮತ್ತೆ ಕಿವಿ?" ಹಿಂದಿನಿಂದ ದಿಲ್ಶಾದ್ ಕೇಳಿದಳು.

"ಯಾವ ಕಿವಿಯಮ್ಮ?"

"ನಮ್ಮ ಮೇಕೆ ಕಿವಿ ಅಣ್ಣಾ. ಎಲ್ಲಾದ್ರದ್ದೂ ಎಡಗಡೆ ಕಚ್ಚಾಗೈತಲ್ಲ. ನೀವೇ ಹಾಕಿದ್ದು ಅಂತ ನಾವು ತಿಳ್ಕಂಡಿದ್ವಿ."

"ನಾನ್ಯಾಕೆ ಮೇಕೆ ಕಿವಿ ಕುಯ್ಲಿ? ಬೇಲಿ ಮುಳ್ಳಿಗೆ ಸಿಕ್ಕಿ ಹರ್ದಿರ್ತದೆ. ಎಲ್ಲಿ ನೋಡಿದ್ರೂ ಜಾಲಿ."

"ಮೂವತ್ತೊಂದಕ್ಕೂ?"

"ಮುಳ್ಳಿನ ಕಾಟ ಜಾಸ್ತಿ ಈ ಕಡೆ."

"ಎಲ್ಲಾದ್ಕೂ ಎಡಗಿವಿಗೇ?"

"ಹೋಗ್ತಾ ಬೇಲಿ ಎಡಕ್ಕೆ ಸಿಗ್ತದೆ ಕಣಮ್ಮ!"

"ಬತ್ತಾ ಬಲಕ್ಕೆ ಸಿಗಲ್ವ ಯಜಮಾನ್ರೇ?" ಎಂದರು ತಿಮ್ಮಯ್ಯ, ಬಹಳ ವಿನಯದಿಂದ. ಶಾಮಿಯಾನದ ಮೂಲೆಯಲ್ಲಿ ಯಾರೋ ಸೆರಗಿನೊಳಗೆ ನಕ್ಕರು. ಆ ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಬ್ಬಿತು. ಕೊನೆಗೆ ಸಾಹೇಬರೂ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡರು.

ನಯನ ನಗಲಿಲ್ಲ. ಅವಳಿಗೆ ಪುಸ್ತಕದ ಚಿಂತೆ. "ಹಂಗಾದ್ರೆ ಮಾಲೀಕರ ಕಾಲಂನಲ್ಲಿ ಯಾರ ಹೆಸರು ಬರೀಲಿ, ಸಾರ್?"

ರಾಮಲಕ್ಷ್ಮಮ್ಮ ಯಾವಾಗ ಎದ್ದು ನಿಂತಳೋ ಅವಳಿಗೇ ಗೊತ್ತಾಗಲಿಲ್ಲ. ಸಭೆಯಲ್ಲಿ ಅವಳು ಹಿಂದೆಂದೂ ಬಾಯಿ ಬಿಟ್ಟವಳಲ್ಲ. ಕೈಯಲ್ಲಿ ಚಂದ್ರಿಯ ಹಗ್ಗವಿತ್ತು. ಅದನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಳು.

"ರಂಗಣ್ಣೋರೆ, ಈ ಚಂದ್ರಿ ಯಾರ್ದು?"

ಹುಚ್ಚರಂಗಯ್ಯನವರು ಅವಳನ್ನು ನೋಡಿದರು. ಆಮೇಲೆ ಚಂದ್ರಿಯ ತುಂಬಿದ ಹೊಟ್ಟೆಯನ್ನು ನೋಡಿದರು. ಆ ನೋಟ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಸಾಹೇಬರು ಕೆಮ್ಮಿದರು.

"ನಿಂದೇ ಕಣಮ್ಮ."

"ಒಸಿ ಮೈಕಾಗೆ ಹೇಳಿ. ಹಿಂದ್ಲೋರಿಗೆ ಕೇಳಿಸ್ಲಿಲ್ಲ."

"ನಿಂದೇ ಅಂದ್ನಲ್ಲ! ಯಾರು ಸಾಕವ್ರೋ ಅವ್ರದ್ದೇ. ಬರ್ಕೊಳಮ್ಮ ನಯನಾ."

'ಯಾರು ಸಾಕಿದರೋ ಅವರದೇ.' ಮೈಕಿನಲ್ಲಿ ಆ ಮಾತು ಊರ ಹೊರಗಿನ ತೋಟಗಳವರೆಗೂ ಕೇಳಿಸಿತು. ನಯನ ಮೂವತ್ತೊಂದು ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಒಂದೊಂದರ ಮುಂದೆಯೂ ಹೊಸ ಹೆಸರು ಬರೆದಳು. ಯಾರ ಹೆಸರಿಗೂ ಎರಡು ಮೀರಲಿಲ್ಲ. ಕೊನೆಯಲ್ಲಿ ಅಧ್ಯಕ್ಷರ ಸಹಿ ಹಾಕಿಸಿಕೊಂಡು ಸೀಲು ಒತ್ತಿದಳು. ರಾಮಲಕ್ಷ್ಮಮ್ಮನ ಹೆಸರು ಮನೆಯ ಹಕ್ಕುಪತ್ರದಲ್ಲೂ ಇರಲಿಲ್ಲ, ಅದು ಸತ್ತ ಗಂಡನದು. ರೇಷನ್ ಕಾರ್ಡು, ಆಧಾರ್, ವೋಟಿನ ಪಟ್ಟಿ ಬಿಟ್ಟರೆ ಅವಳ ಹೆಸರು ಸರ್ಕಾರದ ಕಾಗದದಲ್ಲಿ ಬಂದದ್ದು ಇದೇ ಮೊದಲು. ಮಾಲೀಕರು: ರಾಮಲಕ್ಷ್ಮಮ್ಮ. ದಿಲ್ಶಾದ್ ಅದನ್ನು ಬೆರಳಿಟ್ಟು ಎರಡು ಸಲ ಓದಿ ಹೇಳಬೇಕಾಯಿತು.

"ಕೊಟ್ಟಿಗೆ ದೂರ ಅಳತೆ ಆಗಿದೆಯಾ?" ಸಾಹೇಬರಿಗೆ ಇನ್ನೊಂದು ನಿಯಮ ನೆನಪಾಯಿತು.

"ಇಲ್ಲ ಸಾರ್, ನಮ್ಮಲ್ಲಿ ಅಷ್ಟು ಜಾಗನೇ ಇಲ್ಲ," ಎಂದಳು ದಿಲ್ಶಾದ್. "ಜಾಗ ಇಲ್ಲದೋರು ನನ್ನ ತೋಟಕ್ಕೆ ಹೊಡ್ಕಂಡು ಬನ್ನಿ ಅಂತ ಅಧ್ಯಕ್ಷರೇ ಮಾತು ಕೊಟ್ಟವ್ರೆ. ಹೆಂಗೂ ಎಲ್ಲಾ ಮೇಕೆ ಇಲ್ಲೇ ಇದಾವೆ. ಇಲ್ಲಿಂದ್ಲೇ ಹೊಡ್ಕಂಡು ಹೋಗ್ಲಾ ಅಣ್ಣಾ, ಮೂವತ್ತೊಂದೂವೆ? ತೋಟದಾಗೆ ಯಾರ ಹೆಸರಲ್ಲಿ ಇರ್ತವೆ, ಅದೊಂದ್ ಹೇಳ್ಬುಡಿ."

ಹುಚ್ಚರಂಗಯ್ಯನವರು ಎದ್ದೇ ನಿಂತರು. "ಹದಿನೈದಡಿ ವಿಷ್ಯ ಮುಂದಿನ ಸಭೆಗೆ ಇಡಾಣ. ಅದಿನ್ನೂ ಚರ್ಚೆ ಆಗಬೇಕು."

ಹೊಂಬಾಳೆಪಾಳ್ಯದ ಪಂಚಾಯಿತಿಯಲ್ಲಿ ಮುಂದಿನ ಸಭೆಗೆ ಹೋದ ವಿಷಯ ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಾಲೋನಿಯ ನಲ್ಲಿ ನೀರಿನ ವಿಷಯ ಹಾಗೆ ಹೋಗಿ ಏಳು ವರ್ಷವಾಗಿತ್ತು, ಚರಂಡಿಯದು ಹೋಗಿ ಒಂಬತ್ತು. ಆ ದಾರಿ ಒಂದು ಸಲವಾದರೂ ಕಾಲೋನಿಯವರ ಉಪಯೋಗಕ್ಕೆ ಬಂತಲ್ಲ ಎಂದು ತಿಮ್ಮಯ್ಯ ಮನೆಗೆ ಹೋಗುವ ದಾರಿಯುದ್ದಕ್ಕೂ ನಗುತ್ತಲೇ ಹೋದರು.

ನಿಯಮ ಬಂದ ಹದಿನೆಂಟನೆಯ ದಿನ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಚಂದ್ರಿ ಈದಳು. ಎರಡು ಮರಿ. ಎರಡೂ ಹೆಣ್ಣು. ಒಂದಕ್ಕೆ ಅವಳದೇ ಹಣೆಬೊಟ್ಟು.

ಮೂರನೆಯ ದಿನ ಬೆಳಿಗ್ಗೆ ಹುಚ್ಚರಂಗಯ್ಯನವರು ರಾಮಲಕ್ಷ್ಮಮ್ಮನ ಅಂಗಳದಲ್ಲಿದ್ದರು. ಕರೆದವರು ಯಾರೂ ಇಲ್ಲ. ಮೂರನೆಯ ದಿನ ಬಂದು ತಮ್ಮ ಪಾಲಿನ ಮರಿಯನ್ನು ಆರಿಸಿ ಕಿವಿ ಕಚ್ಚು ಮಾಡಿ ಹೋಗುವುದು ಅವರ ಕಾಲಿಗೇ ರೂಢಿಯಾಗಿತ್ತು. ಕಾಲಿಗೆ ಪಂಚಾಯಿತಿಯ ಪುಸ್ತಕ ಓದಲು ಬಾರದು.

"ಬನ್ನಿ ರಂಗಣ್ಣೋರೆ, ಕೂತ್ಕಳಿ." ರಾಮಲಕ್ಷ್ಮಮ್ಮ ಗೋಣಿಚೀಲ ಹಾಸಿದಳು. ಮರಿಗಳು ಕುಡಿದು ಉಳಿದ ಹಾಲಿನಲ್ಲಿ ಬೆಲ್ಲ ಹಾಕಿ ಮಾಡಿದ್ದ ಒಂದು ಹಿಡಿ ಗಿಣ್ಣನ್ನು ಮುತ್ತುಗದ ಎಲೆಯಲ್ಲಿ ತಂದು ಮುಂದಿಟ್ಟಳು. ಯಜಮಾನರಿಗೆ ಗಿಣ್ಣು ಕೊಡುವುದೂ ಪದ್ಧತಿಯೇ. ಅದನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಅವರು ಗಿಣ್ಣು ತಿಂದರು. ಚೆನ್ನಾಗಿದೆ ಎಂದರು. ಏಲಕ್ಕಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದರು. ಮನೆಯಲ್ಲಿ ಮೀನಾಕ್ಷಮ್ಮ ಈಗ ಮೆಟ್ಟಿಲಿಗೆ ಬೇಲಿ ಹಾಕಿಸಬೇಕೆಂದು ಕೂತಿದ್ದಾಳೆಂದೂ ಹೇಳಿದರು. ಮರಿಗಳು ನೆಟ್ಟಗೆ ನಿಲ್ಲಲಾರದೆ ಒಂದರ ಮೇಲೊಂದು ಬೀಳುತ್ತಾ ಅವರ ಕಾಲಬಳಿಗೇ ಬಂದವು. ಹಣೆಬೊಟ್ಟಿನ ಮರಿ ಅವರ ಪಂಚೆಯ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಹುಚ್ಚರಂಗಯ್ಯನವರು ಎಡಗೈಯಿಂದ ಅದರ ಕತ್ತು ಸವರಿದರು. ಬಲಗೈ ತಾನಾಗಿಯೇ ಅಂಗಿಯ ಜೇಬಿಗೆ ಇಳಿಯಿತು. ಜೇಬಿನಲ್ಲಿ ಮಡಚುವ ಚಾಕು ಇತ್ತು.

ಪಕ್ಕದ ಜಗುಲಿಯಲ್ಲಿ ಮಿಷನ್ನಿನ ಸದ್ದು ನಿಂತಿತು.

ರಾಮಲಕ್ಷ್ಮಮ್ಮ ಬಗ್ಗಿ, ಅವರ ಕೈಯ ಕೆಳಗಿನಿಂದ ಮರಿಯನ್ನು ಮೆಲ್ಲಗೆ ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು.

"ಇವನ್ನ ಬೇಲಿ ಕಡೆ ಬಿಡ್ತಿಲ್ಲ ರಂಗಣ್ಣೋರೆ," ಎಂದಳು. "ನೀವೇ ಅಂದ್ರಲ್ಲ, ಮುಳ್ಳಿನ ಕಾಟ ಜಾಸ್ತಿ ಅಂತ."

ಹುಚ್ಚರಂಗಯ್ಯನವರ ಕೈ ಜೇಬಿನಲ್ಲೇ ಸ್ವಲ್ಪ ಹೊತ್ತು ಏನೋ ಹುಡುಕಿತು. ಹೊರಗೆ ಬಂದಾಗ ಅದರಲ್ಲಿ ಇದ್ದದ್ದು ಕರವಸ್ತ್ರ. ಗಿಣ್ಣು ಅಂಟಿದ ಬಾಯಿ ಒರೆಸಿಕೊಂಡು, "ಇನ್ನೊಂದೀಟು ಐತೇನಮ್ಮ?" ಎಂದು ಕೇಳಿದರು.

"ಐತೆ. ತತ್ತೀನಿ ಇರಿ," ಎಂದು ರಾಮಲಕ್ಷ್ಮಮ್ಮ ಮರಿಯನ್ನು ಎತ್ತಿಕೊಂಡೇ ಒಳಗೆ ಹೋದಳು. ಅವಳ ಹೆಗಲ ಮೇಲಿಂದ ಇಣುಕುತ್ತಿದ್ದ ಮರಿ ಎರಡು ಸಲ ತಲೆ ಕೊಡವಿತು. ಎರಡು ಉದ್ದನೆಯ, ಇಡೀ ಕಿವಿಗಳು ಪಟಪಟ ಬಡಿದುಕೊಂಡವು.